ಕಾರ್ಡಿನಲ್ಲಿಲ್ಲದ ತಾರೀಖು

"ಮುಂದಿನ ವಿಚಾರಣೆ ಹದಿನೇಳಕ್ಕೆ," ಅಂದಳು ಜೈಲಿನ ದಾಖಲೆ ಕೋಣೆಯ ಗುಮಾಸ್ತೆ, ಕಾರ್ಡು ನೋಡಿ.

ವಿಚಾರಣೆಗೆ ಕಾಯುತ್ತ ಒಳಗಿದ್ದ ದರ್ಜಿಯೊಬ್ಬನ ಅಕ್ಕ ಕಿಟಕಿಯಾಚೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಪ್ರತಿ ಸೋಮವಾರ ಹೀಗೇ ಒಂದು ತಾರೀಖು ಹೇಳ್ತೀರಿ, ಮೇಡಂ. ತಮ್ಮ ಒಳಗೆ ಹೋದಾಗ ನನ್ನ ಮಗಳು ತೊದಲ್ತಿದ್ಲು. ಈಗ ನನಗೇ ಎದುರುತ್ತರ ಕೊಡ್ತಾಳೆ!"

ಆ ಮಾತು ಗುಮಾಸ್ತೆಯ ಮನಸ್ಸಿಗೆ ನಾಟಿತು. ದರ್ಜಿ ಒಳಬಂದದ್ದು ಎಂದು? ಕಾರ್ಡಿನಲ್ಲಿ ಇರಲಿಲ್ಲ. ವಿಚಾರಣೆ ಮುಂದೆ ಹೋದಾಗಲೆಲ್ಲ ಹಳೆಯ ಕಾರ್ಡು ಹರಿದು, ಹೆಸರು, ಕೇಸು, ಮುಂದಿನ ತಾರೀಖು ಬರೆದು ಹೊಸದು ಇಡುವುದು ಅಲ್ಲಿನ ಪದ್ಧತಿ. ಹಾಗಾಗಿ ಕಾರ್ಡಿನ ಲೆಕ್ಕದಲ್ಲಿ ಎಲ್ಲರೂ ನಿನ್ನೆ ಬಂದವರೇ. ಹನ್ನೊಂದು ವರ್ಷದಿಂದ ಆ ಕಾರ್ಡುಗಳನ್ನು ನೀಟಾಗಿ ಹರಿಯುತ್ತ ಬಂದವಳು ಗುಮಾಸ್ತೆಯೇ.

ಒಳಬಂದ ದಿನ ಉಳಿದಿದ್ದದ್ದು ಗೇಟಿನ ರಿಜಿಸ್ಟರಿನಲ್ಲಿ ಮಾತ್ರ. ಹಳೆಯ ಸಂಪುಟಗಳನ್ನೆಲ್ಲ ಇಳಿಸಿ, ಊಟದ ಬಿಡುವಿನಲ್ಲಿ ಒಂದೊಂದೇ ಹೆಸರು ತಾಳೆ ನೋಡಿದಳು.

"ಊಟ ಬಿಟ್ಟು ಧೂಳು ತಿಂತಿದೀಯೇನಮ್ಮಾ?" ಎಂದು ಹೆಡ್‌ಕ್ಲರ್ಕ್ ನಕ್ಕರು.

ಒಂಬತ್ತನೇ ದಿನ ಅವಳು ಬರೆದು ಮುಗಿಸಿದ ಪಟ್ಟಿ ನೋಡಿದಾಗ ಅವರ ನಗು ಇಂಗಿತು. ಕಾರ್ಖಾನೆಯ ಬಟ್ಟೆ ಕದ್ದನೆಂಬ ಆರೋಪ ಸಾಬೀತಾದರೂ ದರ್ಜಿಗೆ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. ತೀರ್ಪೇ ಇಲ್ಲದೆ ಅವನು ಒಳಗಿದ್ದದ್ದು ನಾಲ್ಕು ವರ್ಷ ಎರಡು ತಿಂಗಳು. ಅಂಥವರು ನಲವತ್ತೊಂದು ಜನ.

"ಇವತ್ತು ಮಧ್ಯಾಹ್ನ ನ್ಯಾಯಾಧೀಶರು ತಪಾಸಣೆಗೆ ಬರ್ತಾರೆ. ಇದನ್ನ ಕೊಟ್ರೆ ಕಾರ್ಡು ಹರಿದಿದ್ದು ಯಾರು ಅಂತ ಕೇಳ್ತಾರೆ," ಎಂದರು ಹೆಡ್‌ಕ್ಲರ್ಕ್.

"ನಾನೇ ಅಂತ ಮೊದಲನೇ ಸಾಲಲ್ಲೇ ಬರ್ದಿದೀನಿ, ಸಾರ್."

"ಕೆಲಸ ಹೋದ್ರೆ?"

"ಅದಕ್ಕೂ ವಿಚಾರಣೆ ಆಗ್ಬೇಕಲ್ಲ, ಸಾರ್. ಅಷ್ಟು ಬೇಗ ಮುಗಿಯುತ್ತಾ?"

ಹೆಡ್‌ಕ್ಲರ್ಕ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಪಟ್ಟಿಗೆ ಮೊಹರು ಒತ್ತಿದರು.

ನ್ಯಾಯಾಧೀಶರು ರಿಜಿಸ್ಟರಿನ ಸಾಲಿನ ಮೇಲೆ ಬೆರಳಿಟ್ಟು, ವರ್ಷಗಳನ್ನು ಎರಡೆರಡು ಸಲ ಎಣಿಸಿದರು. ದರ್ಜಿಯನ್ನು ಅಂದೇ ಬಿಡಲು ಆದೇಶ ಬರೆದರು. ಉಳಿದ ನಲವತ್ತು ಜನರ ಕಡತ ನಾಳೆಯೇ ತರಬೇಕೆಂದರು. "ನಿಮ್ಮ ವಿವರಣೆಯನ್ನೂ ತನ್ನಿ," ಎಂದು ಅವಳತ್ತ ನೋಡಿದರು.

"ಬರೆದಿಟ್ಟಿದೀನಿ, ಸಾರ್."

ಸಂಜೆ ದರ್ಜಿ ಬಟ್ಟೆಯ ಗಂಟು ಹಿಡಿದು ಕಿಟಕಿಯ ಬಳಿ ಬಂದ. ಸುದ್ದಿ ತಿಳಿದು ಬಂದಿದ್ದ ಅಕ್ಕ ಗೇಟಿನಾಚೆಯಿಂದ ಕೂಗಿ ಕರೆಯುತ್ತಿದ್ದರೂ ಅವನ ಕಾಲು ಅಲ್ಲೇ ನಿಂತಿತು.

"ಮೇಡಂ, ಮುಂದಿನ ತಾರೀಖು?"

"ನಿಮಗಿನ್ನು ತಾರೀಖಿಲ್ಲ. ಮನೆಗೆ ಹೋಗಿ, ಅಣ್ಣಾ."

ಅವನು ಹೋದ ಮೇಲೆ ಗುಮಾಸ್ತೆ ಹೊಸ ಕಾರ್ಡುಗಳ ಕಟ್ಟು ಬಿಚ್ಚಿದಳು. ಸ್ಕೇಲಿಟ್ಟು ಪ್ರತಿಯೊಂದರ ನೆತ್ತಿಗೂ ಒಂದು ಗೆರೆ ಎಳೆದು, ಅದರ ಮೇಲೆ ಬರೆಯತೊಡಗಿದಳು: ಒಳಬಂದ ದಿನ.