ಸಾಹೇಬರ ತೂಕ

"ನಿಮ್ಮಪ್ಪ ಮಾಡಿಸಿಟ್ಟ ಕುರ್ಚೀನೇನೆ ಇದು, ಮುಂಡೇದೇ? ಏಳು ಮೇಲೆ."

ಸೂಪರ್‌ವೈಸರ್ ಕೂಗಿದ ರಭಸಕ್ಕೆ ಮುದುಕಿ ಏಳಲು ನೋಡಿದಳು, ಮಂಡಿ ಕೇಳಲಿಲ್ಲ. ಅರ್ಧ ಎದ್ದು ಮತ್ತೆ ಕುಸಿದಳು. ಬೇಕೆಂದೇ ಕೂತಳೆಂದು ಅವನು ಕುರ್ಚಿಯನ್ನೇ ಹಿಂದಕ್ಕೆಳೆದ. ಆಗಷ್ಟೇ ಒರೆಸಿದ್ದ ಒದ್ದೆ ನೆಲದ ಮೇಲೆ ಮುದುಕಿ ಕುಕ್ಕರಿಸಿ ಬಿದ್ದಳು. ಬಂದವರು ಕಾಯಲಿಕ್ಕೆಂದು ಹಾಕಿದ್ದ ಕುರ್ಚಿ ಅದು. ಬಂದವರು ಯಾರೂ ಇರಲಿಲ್ಲ.

ಆಫೀಸಿನ ಆ ಉದ್ದನೆಯ ಓಣಿಯ ಇನ್ನೊಂದು ತುದಿಯಲ್ಲಿ ಮಾಪು ಹಿಡಿದು ನಿಂತಿದ್ದವಳು ಅವಳ ಸೊಸೆ. ಜೊತೆಯವರೆಲ್ಲ ಅವಳನ್ನು ಕಡ್ಡಿ ಎನ್ನುತ್ತಿದ್ದರು, ಇದ್ದದ್ದೂ ಹಾಗೆಯೇ. ಅತ್ತೆ ಸೊಸೆ ಮಾತು ಬಿಟ್ಟು ತಿಂಗಳುಗಳಾಗಿದ್ದವು. ಇದ್ದ ಒಂದೇ ಕೋಣೆಯಲ್ಲಿ ಎರಡು ಒಲೆ ಹೂಡಿ, ಬೆನ್ನಿಗೆ ಬೆನ್ನು ಹಾಕಿ ಮಲಗುತ್ತಿದ್ದರು. ಮಗನಾದವನು ಲಾರಿಯ ಮೇಲೆ ಊರೂರು ತಿರುಗುವವನು, ಮನೆಗೆ ಬಂದಾಗ ಎರಡೂ ಒಲೆಯ ಅನ್ನ ಉಂಡು ಬಾಯಿ ಮುಚ್ಚಿಕೊಂಡಿರುತ್ತಿದ್ದ. ಜಗಳ ಯಾತಕ್ಕೆ ಶುರುವಾಯಿತೆಂಬುದು ಇಬ್ಬರಿಗೂ ಈಗ ಸರಿಯಾಗಿ ನೆನಪಿರಲಿಲ್ಲ. ಆದರೂ ಮೊದಲು ಬಾಯಿ ಬಿಡಲು ಇಬ್ಬರೂ ತಯಾರಿರಲಿಲ್ಲ.

ಕಡ್ಡಿ ನೆಲ ಒರೆಸುತ್ತ ಒರೆಸುತ್ತ ಅಲ್ಲಿಯವರೆಗೆ ಬಂದಳು. ಮುಖ ಆ ಕಡೆ ತಿರುಗಿಸಿಕೊಂಡೇ ಮಾಪಿನ ಕೋಲು ಚಾಚಿದಳು. ಅತ್ತೆಯೂ ಈ ಕಡೆ ನೋಡದೆ ಕೋಲು ಹಿಡಿದು ಎದ್ದು ನಿಂತಳು.

ತಾನೇ ಓಡಾಡಿ ನೆಲ ಒರೆಸುವ ಯಂತ್ರ ಬರಲಿದೆಯೆಂದೂ, ಅದು ಬಂದ ದಿನ ಮೊದಲು ಹೊರಗೆ ಹೋಗುವವಳು ಈ ಮುದುಕಿಯೇ ಎಂದೂ ಸೂಪರ್‌ವೈಸರ್ ಎಲ್ಲರಿಗೂ ಕೇಳುವಂತೆ ಹೇಳಿದ. ಅದಕ್ಕೆ ಮಂಡಿ ನೋವೂ ಬರುವುದಿಲ್ಲವಂತೆ, ಊಟವೂ ಬೇಡವಂತೆ.

ಆದರೆ ಆ ಯಂತ್ರಕ್ಕಿಂತ ಮೊದಲು ಬಂದದ್ದು ಕುರ್ಚಿಗಳು.

ಆ ಆಫೀಸಿನಲ್ಲಿ ಆಗ ಒಂದೊಂದೇ ವಸ್ತುವಿಗೆ ಬುದ್ಧಿ ಬರತೊಡಗಿತ್ತು. ದೀಪಕ್ಕೆ ಬಂತು, ಬಾಗಿಲಿಗೆ ಬಂತು, ಕೊನೆಗೆ ಕುರ್ಚಿಗೂ ಬಂತು. ಅಧಿಕಾರಿಗಳ ಗಾಜಿನ ಕೋಣೆಗಳಲ್ಲಿ ಹಳೆಯ ಕುರ್ಚಿ ತೆಗೆದು ಹೊಸವನ್ನಿಟ್ಟರು. ಒಂದೊಂದು ಕುರ್ಚಿಗೂ ತನ್ನ ಯಜಮಾನನ ತೂಕ ಗೊತ್ತು, ಮೈಯ ಬಿಸಿ ಗೊತ್ತು, ಉಸಿರು ಗೊತ್ತು. ಯಜಮಾನ ಕೂತರೆ ಕೋಣೆಯ ದೀಪ ಹತ್ತಿ ತಣ್ಣನೆಯ ಗಾಳಿ ಬೀಸುತ್ತಿತ್ತು, ಮುಂಬಾಗಿಲ ಬಳಿಯ ದೊಡ್ಡ ಪರದೆಯಲ್ಲಿ ಅವನ ಹೆಸರಿನೆದುರು ಹಸಿರು ಚುಕ್ಕೆ ಮೂಡುತ್ತಿತ್ತು. ಎದ್ದುಹೋದರೆ ಎಲ್ಲ ಆರಿ, ಚುಕ್ಕೆ ಕೆಂಪಾಗಿ, ಮುಖ್ಯ ಕಚೇರಿಗೆ ವರದಿ ಹೋಗುತ್ತಿತ್ತು. ಏನು ಕೆಲಸ ಮಾಡಿದನೆಂದು ಕುರ್ಚಿ ಕೇಳುತ್ತಿರಲಿಲ್ಲ. ಕೂತನೋ ಇಲ್ಲವೋ, ಅಷ್ಟೇ.

ಇದರಿಂದ ಎಲ್ಲರಿಗಿಂತ ಹೆಚ್ಚು ಕಂಗಾಲಾದವನು ಆ ಮಹಡಿಯ ಮ್ಯಾನೇಜರ್. ಗುಡಿಸುವವರು ತಮ್ಮತಮ್ಮಲ್ಲಿ ಅವನಿಗೆ ಇಟ್ಟಿದ್ದ ಹೆಸರು ಗುಡಾಣ. ಬೆಳಿಗ್ಗೆ ಮುಖ ತೋರಿಸಿ ಹೊರಗೆ ಹೋದರೆ ಸಂಜೆ ಕೋಟು ತಗೊಳ್ಳಲು ಬರುವುದು ಅವನ ರೂಢಿ. ಮೊದಲು ಕುರ್ಚಿಯ ಮೇಲೆ ಪುಸ್ತಕ ತುಂಬಿದ ಚೀಲವಿಟ್ಟು ನೋಡಿದ. ಕುರ್ಚಿ ಸಣ್ಣ ದನಿಯಲ್ಲಿ, ದಯವಿಟ್ಟು ಚೀಲವನ್ನು ಕೆಳಗಿಡಿ ಎಂದಿತು. ಆಗ ಓಣಿಯಲ್ಲಿ ಹೋಗುತ್ತಿದ್ದ ಕಡ್ಡಿಯನ್ನು ಕರೆದು ಕೂರಿಸಿ, ತಾನು ಹೊರಟುಹೋದ.

ಅರ್ಧ ಗಂಟೆಯಲ್ಲಿ ವಾಪಸು ಓಡಿಬಂದ. ನಿಮ್ಮ ತೂಕ ಅರ್ಧಕ್ಕಿಂತ ಕಡಿಮೆಯಾಗಿದೆ, ಕೂಡಲೇ ವೈದ್ಯರನ್ನು ಕಾಣಿ ಎಂದು ಕುರ್ಚಿ ಅವನಿಗೆ ಸಂದೇಶ ಕಳಿಸಿತ್ತು. ಅವನಿಗಷ್ಟೇ ಅಲ್ಲ, ಅವನ ಹೆಂಡತಿಗೂ. ಅವಳು ಫೋನಿನಲ್ಲಿ ಗೋಳೋ ಎಂದು ಅಳುತ್ತಿದ್ದಳು.

ಗುಡಾಣ ಸೂಪರ್‌ವೈಸರನನ್ನು ಕರೆಸಿದ. "ಇದೊಂದೇ ಸಾಲಲ್ಲ. ಕೆಲಸಕ್ಕೆ ಬಾರದ್ದು ಇನ್ನೊಂದು ಇದ್ರೆ ಕೊಡು."

ಮುದುಕಿಯ ಕೆಲಸ ಉಳಿದದ್ದು ಹೀಗೆ. ಕೂರಲು ಒಪ್ಪಿದರೆ ಇರಬಹುದು, ಇಲ್ಲವಾದರೆ ಈವತ್ತೇ ಜಾಗ ಖಾಲಿ ಮಾಡಬಹುದು ಎಂದ ಸೂಪರ್‌ವೈಸರ್. ಮಾತು ಬಿಟ್ಟ ಅತ್ತೆ ಸೊಸೆ ಮ್ಯಾನೇಜರನ ಗಾಜಿನ ಕೋಣೆಯಲ್ಲಿ ಎದುರುಬದುರು ನಿಂತರು. ಯಾರು ಕೆಳಗೆ, ಯಾರು ಮೇಲೆ ಎಂದು ಕೇಳುವ ಹಾಗೂ ಇರಲಿಲ್ಲ. ಕೊನೆಗೆ ಕಡ್ಡಿಯೇ ಕೂತು ತೊಡೆ ತಟ್ಟಿದಳು. ಅತ್ತೆ ಗೋಡೆ ನೋಡುತ್ತ ಬಂದು ಸೊಸೆಯ ತೊಡೆಯ ಮೇಲೆ ಕೂತಳು.

ಕೂರುವ ಮೊದಲು ಗುಡಾಣ ಕುರ್ಚಿಯ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿದ್ದ. ಇವರ ಮೈ ಅದಕ್ಕೆ ತಾಗಬಾರದಲ್ಲ. ಆದರೆ ದೀಪ ಹತ್ತಲಿಲ್ಲ. ಇಲ್ಲಿ ಯಾರೂ ಕೂತಿಲ್ಲ ಎಂದಿತು ಕುರ್ಚಿ. ಅವನು ಹಾಳೆಯ ಮೇಲೆ ಬಟ್ಟೆ ಹಾಸಿದ, ಬಟ್ಟೆ ತೆಗೆದು ಪೇಪರ್ ಹಾಸಿದ. ಯಾರೂ ಕೂತಿಲ್ಲ, ಯಾರೂ ಕೂತಿಲ್ಲ ಎಂದೇ ಹೇಳಿತು. ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಕಿತ್ತೆಸೆದ ಮೇಲೆ ದೀಪ ಹತ್ತಿತು.

"ಒರಗಿದ್ರೋ, ಹುಷಾರ್. ಮೇಜು ಮುಟ್ಟಿದ್ರೆ ಕೈ ಮುರೀತೀನಿ," ಎಂದು ಹೇಳಿ ಹೋದ. ಸಂಜೆ ಬಂದವನು ಕೂರುವ ಮೊದಲು ಕುರ್ಚಿಗೆ ಸೆಂಟು ಹೊಡೆದ.

ಗಾಜಿನ ಕೋಣೆಯ ಗುಟ್ಟು ಎಷ್ಟು ದಿನ ಅಡಗಿದ್ದೀತು. ಉಳಿದ ಅಧಿಕಾರಿಗಳಿಗೂ ಆಸೆಯಾಯಿತು. ಸೂಪರ್‌ವೈಸರ್ ದನದ ವ್ಯಾಪಾರಿಯ ಹಾಗೆ ಕೆಲಸದವರ ತೋಳು ಸೊಂಟ ನೋಡಿ ತೂಕ ಅಂದಾಜು ಮಾಡತೊಡಗಿದ. ಕಿಟಕಿ ಒರೆಸುವ ದಪ್ಪನೆಯವಳು ಲೆಕ್ಕದ ಸಾಹೇಬನಿಗೆ ಸರಿಹೋದಳು. ಕಕ್ಕಸು ತೊಳೆಯುವ ಗಂಡಾಳು ಕಾನೂನಿನ ಸಾಹೇಬನ ಕುರ್ಚಿಗೆ ಹೇಳಿ ಮಾಡಿಸಿದಂತಿದ್ದ. ಸ್ವಲ್ಪ ಕಡಿಮೆ ಬಿದ್ದವರ ಜೇಬಿಗೆ ಸೋಪಿನ ಗಟ್ಟಿ ತುಂಬಿದರು. ಪರದೆಯ ತುಂಬ ಹಸಿರು ಚುಕ್ಕೆ. ಇಷ್ಟು ಶ್ರಮಜೀವಿಗಳಿರುವ ಮಹಡಿ ಇನ್ನೊಂದಿಲ್ಲವೆಂದು ಮುಖ್ಯ ಕಚೇರಿ ಹೊಗಳಿ ಬರೆಯಿತು. ಕೂತವರೆಲ್ಲ ಸಂಜೆ ಎದ್ದ ಮೇಲೆ ತಮ್ಮ ಕೆಲಸ ಮಾಡಬೇಕಿತ್ತು, ಆಗಲಾರದ್ದು ಉಳಿದುಹೋಗುತ್ತಿತ್ತು. ನೆಲ ಗಲೀಜಾಗಿದೆ, ಕಕ್ಕಸು ನಾರುತ್ತಿದೆ ಎಂದು ಅದೇ ಸೂಪರ್‌ವೈಸರ್ ಅವರನ್ನೇ ಉಗಿಯುತ್ತಿದ್ದ.

ಕೋಣೆಯೊಳಗೆ ಮೊದಲ ಕೆಲವು ದಿನ ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಅತ್ತೆಯ ನರೆಗೂದಲು ಸೊಸೆಯ ಮೂಗಿಗೆ ತಾಗುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಅತ್ತೆಯೇ ಸೋತಳು.

"ಇದೇನ್ ತೊಡೆಯೋ, ಬಡಿಗೆಯೋ."

"ನಿಮ್ಮನ್ನ ಹೊತ್ತು ಹೊತ್ತು ಹಿಂಗಾಗಿದೆ."

ಇಬ್ಬರೂ ನಗತೊಡಗಿದರು. ನಕ್ಕ ನಗೆಗೆ ಕುರ್ಚಿ ಗಡಗಡ ಅಲುಗಿತು. ನಿಮ್ಮ ಉಸಿರಾಟ ಏರುಪೇರಾಗಿದೆ ಎಂದಿತು. ಅದಕ್ಕೂ ನಕ್ಕರು. ಆಮೇಲೆ ಅತ್ತೆಗೆ ಬಾಯಿ ಕಟ್ಟಲಾಗಲಿಲ್ಲ. ತಾನು ಮದುವೆಯಾಗಿ ಬಂದಾಗ ತನ್ನ ಅತ್ತೆ ಹೇಗೆ ಗೋಳು ಹುಯ್ದುಕೊಂಡಿದ್ದಳು, ಗಂಡ ಸತ್ತ ವರ್ಷ ಯಾರ ಮನೆಯ ಹಿತ್ತಲಲ್ಲಿ ಪಾತ್ರೆ ಉಜ್ಜಿದ್ದಳು, ಎಲ್ಲ ಹೇಳಿದಳು. ಮನೆಯಲ್ಲಿ ಒಂದು ಒಲೆ ಆರಿತು.

ಒಮ್ಮೆ ಬಹಳ ಹೊತ್ತು ಕೂತ ಮೇಲೆ ಕುರ್ಚಿ, ನೀವು ತುಂಬಾ ದುಡಿದಿದ್ದೀರಿ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ ಎಂದಿತು. ಅತ್ತೆ ಹಿಂದೆ ಮುಂದೆ ನೋಡಿದಳು.

"ಯಾರಿಗೆ ಹೇಳ್ತಿದೆ ಅದು?"

"ಸಾಹೇಬ್ರಿಗೆ."

"ಅದನ್ನೇ ಅಂದ್ಕೊಂಡೆ."

ಅನಾಹುತವಾದದ್ದು ಒಂದು ಸೋಮವಾರ. ಅತ್ತೆಗೆ ಬೆಳಗಿನಿಂದ ಉಚ್ಚೆಗೆ ಅವಸರವಾಗಿತ್ತು. ಎದ್ದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಸಾಹೇಬರ ಹೆಂಡತಿಗೆ ಸುದ್ದಿ ಹೋಗುತ್ತದೆ. ಆವತ್ತಿನ ಫೋನಿನ ನಂತರ, ಉಚ್ಚೆಗೂ ಏಳಕೂಡದು ಎಂದು ಗುಡಾಣ ಕಟ್ಟಪ್ಪಣೆ ಮಾಡಿದ್ದ. ಏಳಿ, ಏನಾದರಾಗಲಿ ಎಂದಳು ಕಡ್ಡಿ. ಮುದುಕಿ ಬೇಡವೆಂದು ತಲೆಯಾಡಿಸಿದಳು. ಬಾಗಿಲ ಬಳಿ ಸೂಪರ್‌ವೈಸರ್ ಓಡಾಡುತ್ತಿದ್ದ. ತಡೆದಳು, ತಡೆದಳು, ಸೊಸೆಯ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಕಡ್ಡಿಯ ತೊಡೆ ಬಿಸಿಬಿಸಿಯಾಗಿ ಒದ್ದೆಯಾಯಿತು. ಅವಳು ಅತ್ತೆಯ ಬೆನ್ನಿಗೆ ಕೆನ್ನೆ ಒತ್ತಿ ಕೂತಳು.

ಸಂಜೆ ಗುಡಾಣನ ಕೂಗು ಇಡೀ ಮಹಡಿಗೆ ಕೇಳಿಸಿತು. ಹಂದಿ ಎಂದ, ಕೊಚ್ಚೆ ಜಾತಿ ಎಂದ, ನಿಮ್ಮನ್ನೆಲ್ಲ ಒಳಗೆ ಬಿಟ್ಟಿದ್ದೇ ತಪ್ಪು ಎಂದ. ಮುದುಕಿಯನ್ನು ಕುರ್ಚಿಯ ಮುಂದೆ ಮಂಡಿಯೂರಿಸಿ ಉಜ್ಜಿಸಿದ. ಬಗ್ಗಲಾರದ ಮಂಡಿ ಅಂದು ಬಗ್ಗಿತು. ಕೊನೆಗೆ ಸೂಪರ್‌ವೈಸರನಿಗೆ ಹೇಳಿದ:

"ನಾಳೆಯಿಂದ ಈ ಮುದುಕಿ ಬೇಡ. ಇದರ ತೂಕದ್ದು ಎರಡು ಡಬ್ಬಿ ಬಿಸಿನೀರು ತುಂಬಿಸಿ ಅವಳ ತೊಡೆ ಮೇಲಿಡು. ಡಬ್ಬಿ ಉಚ್ಚೆ ಹುಯ್ಯಲ್ಲ."

ಅಂದು ರಾತ್ರಿ ಅತ್ತೆ ಉಣ್ಣಲಿಲ್ಲ. ಇಷ್ಟು ವರ್ಷ ಬದುಕಿ, ಎರಡು ಡಬ್ಬಿಗೆ ಸಮನಾದೆನಲ್ಲ ಎಂದು ಒಂದೇ ಮಾತು ಆಡಿದಳು. ಬೆಳಿಗ್ಗೆ ಕಡ್ಡಿ ಅವಳ ಸೀರೆ ತೆಗೆದುಕೊಟ್ಟು ಹೊರಡಿ ಎಂದಳು. ಬೇಡ ಕಣೇ, ನಿಂದೂ ಹೋಗುತ್ತೆ ಎಂದು ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ. ಹಿಂದಿನ ಮೆಟ್ಟಿಲಿನಿಂದ ಕರೆತಂದು, ಗುಡಾಣ ಹೋದದ್ದೇ ತಡ ಡಬ್ಬಿಗಳನ್ನು ಹೊರಗಿಟ್ಟು ಅತ್ತೆಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಈ ಸಲ ಹಿಂದಕ್ಕೆ ಒರಗಿದಳು. ಮುಂದೇನು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಡಬ್ಬಿಯನ್ನು ಮಾತ್ರ ಹೊರಲಾರೆ ಎಂಬುದು ಗೊತ್ತಿತ್ತು.

ಅಂದೇ ಮುಖ್ಯ ಕಚೇರಿಯ ದೊಡ್ಡವನು ಹೇಳದೆ ಕೇಳದೆ ಬಂದ. ಕುರ್ಚಿಗಳನ್ನು ಎಲ್ಲೆಡೆ ಹಾಕಿಸಿದವನೇ ಅವನು. ಇನ್ನೊಂದು ಕಂಪನಿಗೆ ಅಂಥವನ್ನೇ ಮಾರಲೆಂದು ಕೊಳ್ಳುವವರನ್ನೂ ಫೋಟೋ ತೆಗೆಯುವವನನ್ನೂ ಹೂಗುಚ್ಛ ಹಿಡಿದವನನ್ನೂ ಕರೆತಂದಿದ್ದ. ಎಲ್ಲರಿಗಿಂತ ಹೆಚ್ಚು ಹೊತ್ತು ಕೂತ ಅಧಿಕಾರಿಗೆ ಸನ್ಮಾನವಂತೆ. ಕೈಯಲ್ಲಿದ್ದ ಟ್ಯಾಬ್ ನೋಡಿ, ಸಾಹೇಬರು ಒಳಗೇ ಇದ್ದಾರೆ ಎನ್ನುತ್ತ ನಗುಮುಖದಿಂದ ಬಾಗಿಲು ತಳ್ಳಿದ.

ಕುರ್ಚಿಯಲ್ಲಿ ಒಬ್ಬಳ ಮೇಲೊಬ್ಬಳು ಕೂತ ಇಬ್ಬರು ಹೆಂಗಸರು.

ದೊಡ್ಡವನು ಟ್ಯಾಬ್ ನೋಡಿದ, ಅವರನ್ನು ನೋಡಿದ, ಮತ್ತೆ ಟ್ಯಾಬ್ ನೋಡಿದ. ಅಷ್ಟರಲ್ಲಿ ಯಾರೋ ಫೋನು ಮಾಡಿದ್ದಕ್ಕೆ ಗುಡಾಣ ಏದುಸಿರು ಬಿಡುತ್ತ ಓಡಿಬಂದ.

"ನೀವ್ಯಾರು?" ಎಂದ ದೊಡ್ಡವನು.

"ನಾನೇ ಸರ್, ಮ್ಯಾನೇಜರ್."

"ಮ್ಯಾನೇಜರ್ ಕೂತಿದ್ದಾರೆ ಅಂತ ತೋರಿಸ್ತಿದೆಯಲ್ಲ."

ದೊಡ್ಡವನಿಗೆ ಅರ್ಥವಾಗಿರಲಿಲ್ಲವೆಂದಲ್ಲ. ಕೊಳ್ಳುವವರು ಪಕ್ಕದಲ್ಲೇ ನಿಂತಿದ್ದರು. ಕುರ್ಚಿ ಸುಳ್ಳು ಹೇಳುತ್ತದೆ ಎನ್ನುವುದು ಅವನ ಬಾಯಿಂದ ಬರುವ ಹಾಗಿರಲಿಲ್ಲ. ಗುಡಾಣ ಮುಂದೆ ನುಗ್ಗಿ, ಏಳ್ರೇ ಹಲ್ಕಾ ಮುಂಡೇರಾ ಎಂದು ಅತ್ತೆಯ ತೋಳಿಗೆ ಕೈ ಹಾಕಿದ. ಕಡ್ಡಿ ಎರಡೂ ಕೈಯಿಂದ ಅತ್ತೆಯ ಸೊಂಟ ಬಳಸಿ ಬಿಗಿಯಾಗಿ ಹಿಡಿದಳು.

"ಏಳಲ್ಲ," ಎಂದಳು. "ನಮ್ಮತ್ತೆ ಕೆಲ್ಸ ವಾಪಸ್ ಕೊಡಿ. ನಮಗೂ ಕೂರಕ್ಕೊಂದು ಜಾಗ ಕೊಡಿ. ಉಚ್ಚೆ ಬಂದ್ರೆ ಹೋಗಕ್ಕೆ ಬಿಡಿ. ಆಮೇಲೆ ಏಳ್ತೀವಿ."

ಅತ್ತೆ ಗುಡಾಣನ ಕೈಯನ್ನು ನೋಡಿದಳು. "ಬಿಡಪ್ಪಾ. ತೂಕ ಇಳಿದ್ರೆ ನಿನ್ನ ಹೆಂಡ್ತಿ ಅಳ್ತಾಳೆ."

ಅವನ ಕೈ ತಾನಾಗಿಯೇ ಹಿಂದೆ ಹೋಯಿತು.

ಗಾಜಿನಾಚೆ ಎಲ್ಲ ಕಾಣುತ್ತಿತ್ತು. ಪಕ್ಕದ ಕೋಣೆಯಲ್ಲಿ ಏಳಲು ಹೊರಟಿದ್ದ ಕಿಟಕಿ ಒರೆಸುವವಳು ಮತ್ತೆ ಕೂತಳು. ಅವಳಾಚೆ ಕಕ್ಕಸು ತೊಳೆಯುವವನು ಜೇಬಿನ ಸೋಪನ್ನೆಲ್ಲ ತೆಗೆದು ಸಾಹೇಬನ ಮೇಜಿನ ಮೇಲೆ ಸಾಲಾಗಿ ಇಟ್ಟು, ಕೈಕಟ್ಟಿ ಕೂತ. ಸೂಪರ್‌ವೈಸರ್ ಕೋಣೆಯಿಂದ ಕೋಣೆಗೆ ಓಡಿ ಬೈದ, ಬೇಡಿಕೊಂಡ, ಒಬ್ಬಳ ಜಡೆಗೆ ಕೈ ಹಾಕಲು ಹೋಗಿ ಫೋಟೋದವನನ್ನು ಕಂಡು ಹಿಂಜರಿದ. ಯಾರೂ ಏಳಲಿಲ್ಲ. ಪರದೆಯಲ್ಲಿ ಎಲ್ಲ ಹಸಿರು. ಈ ಮಹಡಿ ದಾಖಲೆ ಮಾಡಿದೆ ಎಂದು ದೊಡ್ಡವನ ಟ್ಯಾಬ್ ಸಂಗೀತ ನುಡಿಸಿತು. ಅದನ್ನು ನಿಲ್ಲಿಸಲು ಅವನು ಬಹಳ ಹೊತ್ತು ಪರದಾಡಿದ.

ಮಧ್ಯಾಹ್ನವಾಯಿತು. ಸುದ್ದಿ ಕೇಳಿ ಓಡಿಬಂದ ಸಾಹೇಬರೆಲ್ಲ ಓಣಿಯಲ್ಲಿ ನಿಂತೇ ಇದ್ದರು. ದೊಡ್ಡವನು ಯಾರಿಗೋ ಫೋನು ಮಾಡಿ, ಇಲ್ಲ, ಕೆಲಸ ನಿಂತಿಲ್ಲ, ನಡೀತಿದೆ, ಅದೇ ತೊಂದರೆ ಎಂದು ವಿವರಿಸುತ್ತಿದ್ದ.

ಅಷ್ಟರಲ್ಲಿ ಮೊದಲು ವಾಸನೆ ಬಂತು. ಆಮೇಲೆ ಓಣಿಯ ಕೊನೆಯ ಬಾಗಿಲ ಸಂದಿಯಿಂದ ನೀರು. ಬೆಳಗಿನಿಂದ ಯಾರೂ ನೋಡದ ಕಕ್ಕಸು ಕಟ್ಟಿಕೊಂಡು ಉಕ್ಕಿತ್ತು. ಕಂದು ಬಣ್ಣದ ನೀರು ಗೋಡೆಯ ಅಂಚು ಹಿಡಿದು ನಿಧಾನವಾಗಿ ಬಂತು, ಹೊಳೆಯುವ ಬೂಟುಗಳ ಸುತ್ತ ಹರಿದು ಬಂತು. ಸಾಹೇಬರು ಪ್ಯಾಂಟು ಎತ್ತಿ ಹಿಡಿದು ತುದಿಗಾಲಲ್ಲಿ ಹಿಂದೆ ಹಿಂದೆ ಸರಿದರು. ಕೋಣೆಗಳೊಳಗೆ ಕೂತವರು ಒಬ್ಬೊಬ್ಬರಾಗಿ ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಂಡರು. ಕಡ್ಡಿ ಅತ್ತೆಯ ನೋವಿನ ಮಂಡಿಗೆ ಕೈ ಕೊಟ್ಟು ಎತ್ತಿ, ಕಾಲನ್ನು ಮೇಜಿನ ಮೇಲೆ ನೀಡಿಸಿದಳು.

ಯಾರಾದರೂ ಒರೆಸಿ ಎಂದು ದೊಡ್ಡವನು ಯಾರನ್ನೂ ನೋಡದೆ ಹೇಳಿದ. ಯಾರಾದರೂ ಎಂಬವರು ಯಾರೂ ಓಣಿಯಲ್ಲಿರಲಿಲ್ಲ. ನೀರು ಗುಡಾಣನ ಬೂಟಿನೊಳಗೆ ಇಳಿಯುತ್ತಿತ್ತು.

"ಮಾಪು ಬಾಗಿಲ ಹಿಂದಿದೆ," ಎಂದಳು ಅತ್ತೆ. "ತಗೊಳಿ."