ಹನುಮಕ್ಕನ ಐದು ವಾಕ್ಯ

ಹನುಮಕ್ಕ ಇನ್ನಿಲ್ಲವೆಂಬ ಸುದ್ದಿ ತಿಳಿದ ಗುರುವಾರ ಬೆಳಗ್ಗೆ ಅವಳ ಗಂಡ ಕೃಷ್ಣಯ್ಯನವರು ದೇವರ ಕೋಣೆಯಲ್ಲಿ ಕುಳಿತು ಮಾಗಡಿ ರಂಗನಾಥಸ್ವಾಮಿಯ ಪಟಕ್ಕೆ ಹೂವು ಏರಿಸುತ್ತಿದ್ದರು. ಆ ಪಟದ ಹಿಂದೆ, ಗೋಡೆಗೆ ಒತ್ತಿಕೊಂಡು, ಹೆಂಡತಿಯ ನೋಟ್‌ಬುಕ್ಕು ಇತ್ತು. ಅದನ್ನು ಅಲ್ಲಿ ಬಚ್ಚಿಟ್ಟವರು ಅವರೇ. ಪೂಜೆ ಮುಗಿದ ಮೇಲೆ ಅವಳ ಕೈಗೆ ಸಿಗುವ ಹಾಗೆ ಎಲ್ಲಾದರೂ ಇಟ್ಟುಬಿಡೋಣ ಎಂದು ದಿನವೂ ಅಂದುಕೊಳ್ಳುತ್ತಿದ್ದರು. ಐದು ದಿನ ಹಾಗೆಯೇ ಕಳೆದಿತ್ತು.

ಗೇಟಿನ ಬಳಿ ಪಕ್ಕದ ಮನೆಯ ಮಹದೇವನ ಕೂಗು ಕೇಳಿಸಿತು.

"ಕೃಷ್ಣಣ್ಣ, ಬೇಗ ಬನ್ನಿ! ಅಕ್ಕ ಹಾಲಿನ ಬೂತ್ ಹತ್ರ ಕುಸಿದುಬಿದ್ರು. ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡ್ ಹೋಗಿದಾರೆ."

ಅವರು ಆಸ್ಪತ್ರೆ ಸೇರುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ದಾರಿಯಲ್ಲೇ ಜೀವ ಹೋಗಿತ್ತಂತೆ.

ಮಧ್ಯಾಹ್ನದೊಳಗೆ ನೆಂಟರು ಕೂಡಿದರು. ಹನುಮಕ್ಕನ ತಮ್ಮ ಕಾಂತರಾಜು ದೇವರ ಕೋಣೆಯ ಬಾಗಿಲನ್ನು ಎಳೆದು ಚಿಲಕ ಹಾಕಿದ. "ಸೂತಕ. ಹನ್ನೊಂದರ ದಿನ ಶುದ್ಧಿ ಆಗೋವರೆಗೂ ಯಾರೂ ತೆಗೀಬೇಡಿ" ಎಂದ. ಚಿಲಕದ ಸದ್ದಿಗೆ ಕೃಷ್ಣಯ್ಯನವರು ತಿರುಗಿ ನೋಡಿದರು. ಹೆಂಡತಿಯ ಹೆಣದ ಮುಂದೆ ಕುಳಿತಿದ್ದರೂ ಅವರ ಕಣ್ಣು ಆ ಬಾಗಿಲಿನ ಮೇಲೆಯೇ ಇತ್ತು.

ಅವರದು ಈಗ ನಗರದೊಳಗೆ ಸೇರಿಹೋದ ಹೆಗ್ಗನಹಳ್ಳಿಯ ಹಳೆಯ ಒಕ್ಕಲು ಮನೆತನ. ಹೊಲ ಸೈಟುಗಳಾಗಿ, ಕೊಟ್ಟಿಗೆ ಇದ್ದ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದಿತ್ತು. ಮೇಲಿನ ಮನೆಯಲ್ಲಿ ಬಾಡಿಗೆಗೆ ಗದಗದ ಕಡೆಯ ಸುವರ್ಣಾ ಎಂಬ ಶಾಲಾ ಶಿಕ್ಷಕಿ ಇದ್ದಳು. ಭಾನುವಾರ ಆಂಜನೇಯನ ಗುಡಿಯ ಹಿಂದಿನ ಕೋಣೆಯಲ್ಲಿ ಬೀದಿಯ ಹೆಂಗಸರಿಗೆ ಇಂಗ್ಲಿಷು ಹೇಳಿಕೊಡುತ್ತಿದ್ದಳು. ಅವಳ ಪಾಠದ ಕ್ರಮವೇ ಬೇರೆ. ಬಾಯಿಪಾಠವಿಲ್ಲ. ಸುಸ್ಥಿರ ಅಭಿವೃದ್ಧಿ ಎಂಬ ಒಂದೇ ವಿಷಯವನ್ನು ಹಿಡಿದು, ಅದರಲ್ಲೇ ಪದ, ಅದರಲ್ಲೇ ವ್ಯಾಕರಣ. ಹಸಿ ಕಸ, ಒಣ ಕಸ, ಮಳೆನೀರು, ಮರ, ಇವುಗಳ ಇಂಗ್ಲಿಷು ಹೆಸರುಗಳಿಂದ ಶುರು. ಇಂದು ನಾವು ಮಾಡುವುದನ್ನು ಹೇಳುತ್ತ ವರ್ತಮಾನ ಕಾಲ, ಮುಂದೆ ಉಳಿಯಬೇಕಾದದ್ದನ್ನು ಹೇಳುತ್ತ ಭವಿಷ್ಯತ್ ಕಾಲ.

"ಸಸ್ಟೇನಬಲ್ ಅಂದ್ರೆ ಏನು ಮಿಸ್?" ಎಂದು ಹನುಮಕ್ಕ ಮೊದಲ ದಿನವೇ ಕೇಳಿದ್ದಳು.

"ನಮಗ ಬೇಕಾದಷ್ಟು ತಗೊಂಡು, ಮೊಮ್ಮಕ್ಕಳಿಗೂ ಉಳಿಸೋದ್ರಿ ಅಮ್ಮಾರ."

"ಓ, ಬಿತ್ತನೆ ಬೀಜ ಕುಟ್ಟಿ ತಿನ್ಬೇಡಿ ಅಂತ! ನಮ್ಮತ್ತೆ ದಿನಾ ಬೈತಿದ್ರು. ಅದಕ್ಕೆ ಇಷ್ಟುದ್ದ ಹೆಸ್ರಾ?"

ಕೋಣೆಯೆಲ್ಲ ನಕ್ಕಿತ್ತಂತೆ. ಮನೆಗೆ ಬಂದು ಅವಳೇ ಹೇಳಿದ್ದಳು. ಕೃಷ್ಣಯ್ಯನವರು ಮಾತ್ರ ನಕ್ಕಿರಲಿಲ್ಲ. "ಅರವತ್ನಾಲ್ಕಕ್ಕೆ ಇಂಗ್ಲಿಷು! ಯಮನ ಹತ್ರ ಇಂಗ್ಲಿಷಲ್ಲೇ ಮಾತಾಡ್ಬೇಕೇನೇ?" ಎಂದು ಹಂಗಿಸಿದ್ದರು.

"ಯಮಂಗೆ ಕನ್ನಡ ಬರುತ್ತೆ ಬಿಡಿ. ನಮ್ಮ ಕೀರ್ತನಾಗೆ ತಾನೇ ಬರ್ದೇ ಇರೋದು."

ಕೀರ್ತನಾ ಎಂದರೆ ಅವರ ಮಗಳು ಮಾಲಾಳ ಮಗಳು. ನಂದಿನಿ ಲೇಔಟಿನಲ್ಲಿ ಬೆಳೆಯುತ್ತಿದ್ದ ಹುಡುಗಿ. ಅಜ್ಜಿ ಒಂದು ಕಥೆ ಶುರುಮಾಡಿದರೆ ಅರ್ಧ ತಿಳಿಯದೆ ಎದ್ದು ಹೋಗುತ್ತಿತ್ತು.

ಭೂತಕಾಲದ ಪಾಠ ಬಂದಾಗ ಸುವರ್ಣಾ ಎಲ್ಲರಿಗೂ ಒಂದು ಕೆಲಸ ಕೊಟ್ಟಳು. ನಿಮ್ಮ ಮನೆಯ ಮುಂದೆ ಮೊದಲು ಏನಿತ್ತು, ಈಗ ಏನಾಯಿತು ಎಂದು ಐದು ವಾಕ್ಯ ಬರೆದು, ಭಾನುವಾರ ಗುಡಿಯ ಅಂಗಳದಲ್ಲಿ ಜನರ ಮುಂದೆ ಓದಬೇಕು. ಹನುಮಕ್ಕ ಇದನ್ನು ಹೇಳಿದಾಗ ಕೃಷ್ಣಯ್ಯನವರ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಮನೆಯ ಮುಂದೆ ಬಾವಿ ಇತ್ತು. ಊರಿಗೆ ಬಂದ ಹೊಸ ಸೊಸೆಯರು, ಹೆತ್ತು ಮಡಿಯಾದ ಬಾಣಂತಿಯರು ಗಂಗೆ ಪೂಜೆಗೆ ಬರುತ್ತಿದ್ದದ್ದು ಅಲ್ಲಿಗೆ. ಇಪ್ಪತ್ತೆರಡು ವರ್ಷದ ಹಿಂದೆ ಮನೆ ಕಟ್ಟುವಾಗ ಕೃಷ್ಣಯ್ಯನವರು ಅದನ್ನು ಹಳೆಯ ಗೋಡೆಯ ಕಲ್ಲುಮಣ್ಣಿನಿಂದ ಮುಚ್ಚಿಸಿದರು. ಕೇಳಿದವರಿಗೆ "ಬತ್ತಿಹೋಗಿತ್ತು" ಎಂದರು. ಬತ್ತಿರಲಿಲ್ಲ. ಬಗ್ಗಿ ನೋಡಿದರೆ ಮುಖ ಕಾಣುವಷ್ಟು ನೀರಿತ್ತು. ಹನುಮಕ್ಕ ಬಾವಿಯ ಕಟ್ಟೆ ಹಿಡಿದು ಅತ್ತಿದ್ದಳು. ಕೂಲಿಯವರು ನೀರಿದ್ದ ಬಾವಿಗೆ ಕಲ್ಲು ಹಾಕಲು ಹಿಂಜರಿದಾಗ, ಮೊದಲ ಮಂಕರಿ ಕಲ್ಲನ್ನು ಕೃಷ್ಣಯ್ಯನವರೇ ಎತ್ತಿ ಸುರಿದಿದ್ದರು. ಮಾಲಾಳ ಬಾಣಂತನದ ಗಂಗೆ ಪೂಜೆ ನಡೆದದ್ದು ನೀರಿನ ಸಂಪಿನ ಪ್ಲಾಸ್ಟಿಕ್ ಮುಚ್ಚಳದ ಮೇಲೆ. ಅರಿಸಿನ ಕುಂಕುಮ ಅದಕ್ಕೇ. ಅಂದು ಹನುಮಕ್ಕ ತುಟಿ ಬಿಚ್ಚಲಿಲ್ಲ.

ಈಗ ಬಿಚ್ಚುತ್ತಾಳೆ, ಅದೂ ಇಂಗ್ಲಿಷಿನಲ್ಲಿ, ಗುಡಿಯ ಮುಂದೆ. ಗುಡಿಯ ಸಮಿತಿಯಲ್ಲಿ ಹಿರಿಯನೆಂದು ಕೂರುವ ತನ್ನ ಮಾನ ಏನಾಗಬೇಕು? ಹಾಗೆಂದು ಶನಿವಾರ ಅವರು ನೋಟ್‌ಬುಕ್ಕನ್ನು ಎತ್ತಿ ರಂಗನಾಥನ ಹಿಂದೆ ಇಟ್ಟರು. ತೆರೆದು ನೋಡಲಿಲ್ಲ. ನೋಡಿದ್ದರೂ ಇಂಗ್ಲಿಷು ಅವರಿಗೆ ತಿಳಿಯುತ್ತಿರಲಿಲ್ಲ.

ಭಾನುವಾರ ಹನುಮಕ್ಕ ಹಾಸಿಗೆ ಕೊಡವಿದಳು, ಅಕ್ಕಿ ಡಬ್ಬದ ಹಿಂದೆ ನೋಡಿದಳು. "ಏನ್ರೀ, ನನ್ನ ನೋಟ್‌ಬುಕ್ ಕಂಡ್ರಾ?"

"ನಿನ್ನ ಕಸ ನಾನ್ಯಾಕೆ ನೋಡ್ಲಿ? ಒಣ ಕಸದ ಜೊತೆ ಹೋಗಿರ್ಬೇಕು."

ಅವಳು ಹೋಗಿ ಒಣ ಕಸದ ಚೀಲವನ್ನು ಅಂಗಳದಲ್ಲಿ ಸುರಿದುಕೊಂಡು, ಒಂದೊಂದೇ ಕಾಗದ ಎತ್ತಿ ನೋಡಿದಳು. ಸಂಜೆ ಸುವರ್ಣಾ ಕರೆಯಲು ಬಂದಾಗ, "ನಂಗೆ ನೋಡ್ಕೊಂಡೇ ಓದಕ್ಕೆ ಬರೋದು ಮಿಸ್, ನೀವು ಹೋಗಿ" ಎಂದು, ಉಡಲು ತೆಗೆದಿಟ್ಟಿದ್ದ ಹಸಿರು ಸೀರೆಯನ್ನು ಮಡಿಸಿ ಬೀರುವಿಗೆ ಹಾಕಿದಳು. ಮುಂದಿನ ಗುರುವಾರ ಅದೇ ಸೀರೆಯನ್ನು ಅವಳಿಗೆ ಹೊದಿಸಿ ಕಳಿಸಿದರು.

ಸೂತಕದ ದಿನಗಳು ಸಾಗಿದವು. ಸುವರ್ಣಾ ಬಂದು, "ಅಜ್ಜಾರ, ಆ ನೋಟ್‌ಬುಕ್ ಸಿಕ್ಕರ ಕೊಡ್ರಿ. ಅಮ್ಮಾರ ಹೆಸರಿನ್ಯಾಗ ನಾವ ಓದ್ತೇವಿ" ಎಂದಳು. "ಸಿಗಲಿಲ್ಲಮ್ಮ" ಎಂದರು ಕೃಷ್ಣಯ್ಯನವರು. ಹೇಳಿದ ಮೇಲೆ ಅವರಿಗೆ ತಮ್ಮ ನಾಲಿಗೆಯ ಮೇಲೆಯೇ ಹೇಸಿಗೆಯಾಯಿತು. ಬಾಗಿಲು ಮುಚ್ಚಿದ್ದು ಶಾಸ್ತ್ರಕ್ಕೆ. ಆದರೆ ಅದು ಕಾಯುತ್ತಿದ್ದದ್ದು ಅವರ ಕಳ್ಳತನವನ್ನು. ಐವತ್ತು ವರ್ಷ ತಪ್ಪದೆ ಪೂಜೆ ಮಾಡಿದ ಕೈ, ಕದ್ದ ಮಾಲಿಗೆ ದೇವರನ್ನೇ ಮರೆ ಮಾಡಿಕೊಂಡಿತ್ತು.

ಹನ್ನೊಂದರ ದಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಶುದ್ಧಿಯ ನೀರು ಚಿಮುಕಿಸಿದ ಮೇಲೆ ಮಾಲಾ ದೇವರ ಕೋಣೆ ತೆಗೆದು, ಒಣಗಿದ ಹೂವು ತೆಗೆಯುತ್ತ ಪಟ ಸರಿಸಿದಳು.

"ಅಯ್ಯೋ, ಅಮ್ಮನ ನೋಟ್‌ಬುಕ್ ಇಲ್ಲೇ ಇದೆ! ದೇವರ ಹತ್ರ ಇಟ್ಟು ಮರ್ತುಬಿಟ್ಟಿದಾಳೆ ನೋಡಿ!"

ಯಾರಿಗೂ ಅನುಮಾನ ಬರಲಿಲ್ಲ. ಸುವರ್ಣಾ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. "ಓದಮ್ಮ, ನಮ್ಮಕ್ಕ ಏನು ಬರ್ದಿದಾಳೆ ಕೇಳೋಣ" ಎಂದ ಕಾಂತರಾಜು. ಅವಳು ಒಂದೊಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದಳು.

"ನಮ್ಮ ಮನೆಯ ಮುಂದೆ ಒಂದು ಬಾವಿ ಇತ್ತು. ಊರಿನ ಹೆಣ್ಣುಮಕ್ಕಳು ಅಲ್ಲಿ ಗಂಗೆ ಪೂಜೆ ಮಾಡಿದರು. ಬಾವಿಯಲ್ಲಿ ನೀರಿತ್ತು."

"ನೀರಿತ್ತಾ?" ಕಾಂತರಾಜು ತಲೆ ಎತ್ತಿದ. "ಬತ್ತಿತ್ತು ಅಂತಲ್ವಾ ಭಾವ ಹೇಳಿದ್ದು?"

ಸುವರ್ಣಾ ನಾಲ್ಕನೆಯ ವಾಕ್ಯಕ್ಕೆ ಬಂದಳು. "ಮೊದಲ ಮಂಕರಿ ಕಲ್ಲನ್ನು ನಾನು ಹಾಕಿದೆ." ಅವಳ ದನಿ ತಗ್ಗಿತು. "ಕೀರ್ತನಾ, ನಿನ್ನ ಪಾಲಿನ ನೀರನ್ನು ನಾನು ಮುಚ್ಚಿದೆ, ಕ್ಷಮಿಸು."

ನಡುಮನೆಯಲ್ಲೂ ಹೊರಗೆ ಶಾಮಿಯಾನದ ಕೆಳಗೂ ಗುಸುಗುಸು ಎದ್ದಿತು. "ನೀರಿದ್ದ ಬಾವಿಗೆ ಕಲ್ಲು ಹಾಕಿದ್ದು ಹನುಮಕ್ಕನಾ?" ಎಂದಳೊಬ್ಬಳು. ಮೂಲೆಯ ಮುದುಕಿ ನಿಟ್ಟುಸಿರಿಟ್ಟಳು. "ಗಂಗಮ್ಮ ಬಿಡ್ತಾಳಾ? ಅದಕ್ಕೇ ಬೀದೀಲಿ ಬಿದ್ದು ಪ್ರಾಣ ಬಿಟ್ಲು."

ಕೃಷ್ಣಯ್ಯನವರು ಸುವರ್ಣಾಳ ಕೈಯಲ್ಲಿದ್ದ ನೋಟ್‌ಬುಕ್ಕನ್ನೇ ನೋಡಿದರು. ಹೆಂಡತಿ ಎದ್ದು ನಿಂತು ತಮ್ಮ ಮಾನ ಕಳೆಯುತ್ತಾಳೆಂದು ಹೆದರಿ ಅವಳ ಬಾಯಿ ಕಟ್ಟಿದ್ದರು. ಅವಳು ಎದ್ದು ನಿಲ್ಲಲು ಹೊರಟದ್ದು ಅವರ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು. ಈಗ ಸುಮ್ಮನಿದ್ದರೆ ಸಾಕು, ಅವರ ಮೈಮೇಲೆ ಒಂದು ಕಲೆಯೂ ಉಳಿಯದು. ಸತ್ತವಳು ಎದ್ದು ಬಂದು ಅಲ್ಲವೆನ್ನುವುದಿಲ್ಲ.

ಅವರು ಗೋಡೆ ಹಿಡಿದು ಎದ್ದರು.

"ಅಮ್ಮಾ, ಅವಳನ್ನ ಅನ್ಬೇಡಿ. ಕಲ್ಲು ಹಾಕಿದ್ದು ನಾನು. ಅವಳು ಕಟ್ಟೆ ಹಿಡ್ಕೊಂಡು ಅಳ್ತಾ ಇದ್ಲು. ಬತ್ತಿತ್ತು ಅಂತ ಊರಿಗೆಲ್ಲ ಸುಳ್ಳು ಹೇಳಿದ್ದೂ ನಾನೇ." ಮಗಳ ಕಡೆ ತಿರುಗಿದರು. "ಈ ನೋಟ್‌ಬುಕ್ಕೂ ಅವಳು ಮರ್ತಿದ್ದಲ್ಲ. ನಾನು ಬಚ್ಚಿಟ್ಟಿದ್ದು. ಇದಕ್ಕೋಸ್ಕರ ಅವಳು ಕಸದ ಚೀಲ ಕೆದಕ್ತಿದ್ರೆ, ನಾನು ಜಗಲಿ ಮೇಲೆ ಕೂತು ನೋಡ್ತಿದ್ದೆ."

ಮಾಲಾ ತಂದೆಯ ಮುಖ ನೋಡಿ, ನೋಡಲಾರದೆ ಬೇರೆ ಕಡೆ ತಿರುಗಿದಳು. ಆ ತಿರುಗಿದ ಮುಖ ಅವರಿಗೆ ಯಾವ ಬೈಗುಳಕ್ಕಿಂತಲೂ ಹೆಚ್ಚಾಯಿತು. ಕಾಂತರಾಜು ಎದ್ದು ಹೊರಗೆ ಹೋದ. ಕೀರ್ತನಾ ಮಾತ್ರ ಹತ್ತಿರ ಬಂದು, "ತಾತಾ, ಬಾವಿ ಎಲ್ಲಿತ್ತು?" ಎಂದು ತನ್ನ ಹರಕು ಕನ್ನಡದಲ್ಲಿ ಕೇಳಿತು.

ಅವರು ಎಡೆಯ ಮುಂದಿದ್ದ ನೀರಿನ ಚೊಂಬನ್ನು ತೆಗೆದುಕೊಂಡು ಹೊರಗೆ ನಡೆದರು. ಶಾಮಿಯಾನದ ಕಂಬದ ಪಕ್ಕ, ಬಾಡಿಗೆಯವರ ಸ್ಕೂಟರು ನಿಲ್ಲುವ ಸಿಮೆಂಟು ನೆಲದ ಮೇಲೆ ಮೊಣಕಾಲೂರಿ ಕುಳಿತು, "ಇಲ್ಲಿ ಕಣವ್ವ" ಎಂದರು. ನೀರನ್ನು ಮೆಲ್ಲಗೆ ಸುರಿದರು. ನೆಲ ಅದನ್ನು ಕುಡಿಯಲಿಲ್ಲ. ಹರಿದು ಚರಂಡಿಯ ಕಡೆಗೆ ಹೋಯಿತು. ಅದನ್ನು ನೋಡುತ್ತಲೇ ಅವರು ಕೈ ಜೋಡಿಸಿದರು.

"ಗಂಗಮ್ಮ ತಾಯಿ, ನಿನಗೆ ಕಲ್ಲು ಹಾಕಿದವನು ನಾನು. ಲೆಕ್ಕ ಕೇಳುವುದಿದ್ದರೆ ನನ್ನನ್ನು ಕೇಳು. ಸ್ವಾಮಿ ರಂಗನಾಥ, ನಿನ್ನ ಬೆನ್ನ ಹಿಂದೆ ಪಾಪ ಇಟ್ಟವನು ನಾನು. ಅವಳು ಮಾಡದ ತಪ್ಪನ್ನು ತನ್ನ ಕೈಯಾರೆ ತನ್ನ ಹೆಸರಿಗೆ ಬರೆದುಕೊಂಡಿದ್ದಾಳೆ, ಅದನ್ನು ನಂಬಬೇಡ. ಬಾಯಾರಿದವರಿಗೆ ಇಲ್ಲವೆನ್ನದ ಜೀವ ಅದು. ಅವಳನ್ನು ನಿನ್ನ ಪಾದದ ಬಳಿ, ತಣ್ಣಗೆ ನೀರಿರುವ ಕಡೆ ಇರಿಸಿಕೋ. ನನ್ನ ಹನುಮಕ್ಕನ ಆತ್ಮಕ್ಕೆ ಶಾಂತಿ ಕೊಡು ತಂದೆ."