ಪಂಪಿನೊಳಗಿನ ಶುಕ್ರವಾರ

“ಭಾಬಿ, ಪೈಪು ಕಿಟಕಿಯಿಂದ ಹೊರಗ ಐತಿಲ್ಲೋ ಒಂದ್ಸಲ ನೋಡಿಬಿಡ್ರಿ. ನಾ ಊಟ ಮುಗಿಸಿ ಬಂದಬಿಡ್ತೀನಿ,” ಎಂದು ದುರಗೇಶ ಬಾಗಿಲಲ್ಲೇ ನಿಂತು ಹೇಳಿದ.

“ಐತಿ, ನೀ ಹೋಗಿ ಬಾ,” ಎಂದಳು ನಾಹೀದಾ. ಪೈಪು ಆಗ ಹೊರಗೇ ಇತ್ತು. ಆ ಹೊತ್ತಿಗೆ ಅವಳು ಹೇಳಿದ್ದು ಸುಳ್ಳಲ್ಲ.

ಅವನ ಬೈಕು ರಸ್ತೆಗಿಳಿದ ಮೇಲೆ ಕೋಣೆಯಲ್ಲಿ ಉಳಿದದ್ದು ನೈಟ್ರೋಜನ್ ಸಿಲಿಂಡರಿನ ಸುಂಯ್ ಎನ್ನುವ ಸಣ್ಣ ಸದ್ದು. ತಿಂಗಳುಗಟ್ಟಲೆ ಹಗಲೂ ರಾತ್ರಿ ಚುಕ್ ಚುಕ್ ಎನ್ನುತ್ತಿದ್ದ ಪಂಪು ಬಾಯಿ ಮುಚ್ಚಿಕೊಂಡಿತ್ತು. ಸದ್ದು ಇದ್ದಾಗ ಯಾರಿಗೂ ಕೇಳಿಸುತ್ತಿರಲಿಲ್ಲ. ನಿಂತ ಮೇಲೆ ಕೋಣೆಯೇ ಉಸಿರು ಹಿಡಿದು ಕೂತಂತಾಯಿತು.

ತಳಕಲ್ ಹತ್ತಿರದ ಆ ಪುಟ್ಟ ಪ್ರಯೋಗಾಲಯದಲ್ಲಿ ದೂರದರ್ಶಕಗಳ ಕನ್ನಡಿಗೆ ಅಲ್ಯೂಮಿನಿಯಂ ಲೇಪ ಹಚ್ಚುತ್ತಿದ್ದರು. ಲೇಪ ಹಚ್ಚುವ ಉಕ್ಕಿನ ಪೆಟ್ಟಿಗೆಯೊಳಗೆ ಗಾಳಿ ಉಳಿಯಬಾರದು. ಅದಕ್ಕೇ ಈ ಪಂಪು. ಬೇರೆ ಪಂಪುಗಳಂತೆ ಇದು ಗಾಳಿಯನ್ನು ಎಳೆದು ಹೊರಗೆ ಎಸೆಯುವ ಜಾತಿಯದಲ್ಲ. ಹೊಟ್ಟೆಯೊಳಗಿನ ತಗಡುಗಳನ್ನು ಹಿಮಕ್ಕಿಂತಲೂ ಎಷ್ಟೋ ತಣ್ಣಗೆ ಮಾಡಿಕೊಂಡು, ಸಿಕ್ಕ ಗಾಳಿಯನ್ನೆಲ್ಲ ಅಲ್ಲೇ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳುತ್ತದೆ. “ಇದು ಉಂಡದ್ದನ್ನ ಅರಗಸಂಗಿಲ್ಲ, ನುಂಗಂಗೂ ಇಲ್ಲ. ಬಾಯಾಗ ಇಟ್ಕೊಂಡು ಕುಂದರತೈತಿ,” ಎಂದು ಮಾಜೀದ ನಗುತ್ತಿದ್ದ. ಬಾಯಿ ತುಂಬಿದ ಮೇಲೆ ಪಂಪನ್ನು ನಿಲ್ಲಿಸಿ, ನಿಧಾನ ಬೆಚ್ಚಗೆ ಮಾಡಿ, ನೈಟ್ರೋಜನ್ ಹಾಯಿಸಿ ಎಲ್ಲವನ್ನೂ ಪೈಪಿನಿಂದ ಹೊರಗೆ ಕಕ್ಕಿಸಬೇಕು.

ಮಾಜೀದ ನಾಹೀದಾಳ ಗಂಡ, ಅವಳಿಗೆ ಈ ಕೆಲಸ ಕಲಿಸಿದ ಉಸ್ತಾದ. ಕೊನೆಯ ಸಲ ಪಂಪನ್ನು ಹೀಗೆ ಖಾಲಿ ಮಾಡಿದವನೂ ಅವನೇ. ಅಂದು ಶುಕ್ರವಾರ. ಜುಮ್ಮಾ ನಮಾಜು ಮುಗಿಸಿ, ಹೀನಾ ಅತ್ತರಿನಲ್ಲಿ ಅದ್ದಿದ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡೇ ಬಂದಿದ್ದ. ಅತ್ತರು ಹಚ್ಚಿಕೊಂಡು ಪೆಟ್ಟಿಗೆ ಮುಟ್ಟಬೇಡಿ ಎಂದು ಸಾಹೇಬರು ಎಷ್ಟು ಬೈದರೂ ಶುಕ್ರವಾರ ಮಾತ್ರ ಅವನು ಯಾರ ಮಾತೂ ಕೇಳುವವನಲ್ಲ. ಪೆಟ್ಟಿಗೆಯೊಳಗೆ ತಲೆ ಹಾಕಿ, ಹಾಡು ಗುನುಗುತ್ತ ಒರೆಸಿ, ಬಾಗಿಲು ಬಿಗಿದು, ಪಂಪು ಹಚ್ಚಿ ಬೇವೂರಿಗೆ ಹೊರಟವನು ಮನೆ ಮುಟ್ಟಲಿಲ್ಲ. ಲಾರಿಯವನು ನಿಲ್ಲಿಸಲೂ ಇಲ್ಲ.

ಗಂಡ ಸತ್ತವಳು ಪಾಲಿಸಬೇಕಾದ ಇದ್ದತ್ತಿನ ತಿಂಗಳುಗಳನ್ನು ನಾಹೀದಾ ಸುಗಂಧ ಮುಟ್ಟದೆ, ಹೊಸ್ತಿಲು ದಾಟದೆ ಕಳೆದಳು. ಆ ನಡುವೆ ಅತ್ತೆ ಮೆಹಬೂಬಬೀ ಮಗನ ಬಟ್ಟೆಗಳನ್ನೆಲ್ಲ ಒಗೆದು ಫಕೀರರಿಗೆ ಕೊಟ್ಟುಬಿಟ್ಟಳು. ಪುಣ್ಯದ ಕೆಲಸ, ಯಾರನ್ನು ಬೈಯುವುದು? ದಿಂಬಿನಲ್ಲೂ ಸಾಬೂನಿನ ವಾಸನೆ. ಅವನ ಮೈಯ ಗಂಧ ಉಳಿದಿದ್ದ ಜಾಗ ಇನ್ನೊಂದೇ, ಆ ಶುಕ್ರವಾರದ ಗಾಳಿಯನ್ನು ಹಿಡಿದಿಟ್ಟುಕೊಂಡ ಈ ಪಂಪು, ಎಂದು ನಾಹೀದಾಳಿಗೆ ಹೊಳೆದದ್ದು ಕೆಲಸಕ್ಕೆ ಮರಳಿದ ದಿನ. ಆಮೇಲೆ ಕರೆಂಟು ಹೋದಾಗಲೆಲ್ಲ ಜನರೇಟರ್ ಹತ್ತುವತನಕ ಅವಳ ಜೀವ ಬಾಯಿಗೆ ಬರುತ್ತಿತ್ತು. ಪಂಪು ತುಂಬಿದೆ, ಕನ್ನಡಿಗಳ ಮೇಲೆ ಮಬ್ಬು ಬೀಳುತ್ತಿದೆ ಎಂದು ದುರಗೇಶ ಗೋಗರೆದರೆ “ನಾಳೆ ಮಾಡೂನು” ಎನ್ನುತ್ತಿದ್ದಳು. ಇವತ್ತು ಸಾಹೇಬರೇ ಫೋನು ಮಾಡಿ ಹೇಳಿದ ಮೇಲೆ ನಾಳೆಗಳು ಮುಗಿದವು.

ಪಂಪಿನ ಮೈ ಬೆವರತೊಡಗಿತು. ನಾಹೀದಾ ಎದ್ದು, ಪೈಪನ್ನು ಒಳಗೆಳೆದುಕೊಂಡು ಕಿಟಕಿಯ ಗಾಜು ಸರಿಸಿ ಮುಚ್ಚಿದಳು. ಬಾಗಿಲು ಹಾಕಿ ಫ್ಯಾನು ಆರಿಸಿದಳು. ನೈಟ್ರೋಜನ್ ಎಂಥದ್ದೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅದು ಮೆಲ್ಲಗೆ ಒಯ್ಯುವ ಕಳ್ಳ, ಉಸಿರು ಕಟ್ಟಿದ್ದೂ ತಿಳಿಯುವುದಿಲ್ಲ ಎಂದು ಮಾಜೀದ ನೂರು ಸಲ ಹೇಳಿದ್ದ. ಒಂದೇ ಗಳಿಗೆ ತಾನೇ ಎಂದುಕೊಂಡಳು. ಆಸೆ ಹಾಗೆಯೇ ಲೆಕ್ಕ ಹಾಕುವುದು. ಪೈಪಿನ ಬಾಯಿಗೆ ಮುಖ ಕೊಟ್ಟು ನೆಲದ ಮೇಲೆ ಕೂತಳು.

ಮೊದಲು ಬಂದದ್ದು ತಣ್ಣನೆಯ ಕಬ್ಬಿಣದ ವಾಸನೆ. ಆಮೇಲೆ ಎಣ್ಣೆಯದು, ನಡುವೆ ದುರಗೇಶನ ಗುಟಕಾದ್ದೂ ಇರಬೇಕು, ಮೂಗು ಸಿಂಡರಿಸಿದಳು. ಒಳಗೆಲ್ಲೋ ಕವಾಟ ತೆರೆದು ನಿಟ್ಟುಸಿರಿನಂತೆ ಹುಸ್ಸೆಂದಿತು.

ಬಂತು ಹೀನಾ. ಬೆಚ್ಚಗೆ, ಕಿವಿಯ ಹಿಂದಿನಿಂದ ಬಂದಂತೆ. ನಾಹೀದಾಳಿಗೆ ಅಳು ಬರಲಿಲ್ಲ, ನಗು ಬಂತು. ಕೈಕಾಲು ಹತ್ತಿಯಂತೆ ಹಗುರಾದವು. ಎಷ್ಟು ದಿನವಾಗಿತ್ತು ಮೈ ಹೀಗೆ ಹಗುರಾಗಿ! ಪಕ್ಕದಲ್ಲಿ ಯಾರೋ ಮಂಡಿಯೂರಿ ಕೂತ ಹಾಗಾಯಿತು. ತಿರುಗಿ ನೋಡುವ ಅಗತ್ಯವೇ ಅವಳಿಗೆ ಕಾಣಲಿಲ್ಲ.

“ಕುಂದರು,” ಎಂದಿತು ಮಾಜೀದನ ದನಿ. “ಎಲ್ಲಾ ಬಂದ್ ಮಾಡೀಯಲ್ಲ, ಛಲೋ ಆತು. ಇಲ್ಲೇ ಕುಂದರು.”

ಅವಳು ಹೂಂ ಎಂದಳು. ದನಿ ಅವನದೇ. ಕೊನೆಯ ಅಕ್ಷರವನ್ನು ಎಳೆಯುವ ರೀತಿಯೂ ಅವನದೇ. ಆದರೆ ಮುಚ್ಚುತ್ತಿದ್ದ ಕಣ್ಣಿನ ಹಿಂದೆ ಏನೋ ಚುಚ್ಚಿತು. ಪಂಪು ಖಾಲಿ ಮಾಡುವಾಗ ಮಾಜೀದ ಎಂದಾದರೂ ಕುಂದರು ಎಂದಿದ್ದನೇ? ಬಾಗಿಲಿಂದಲೇ ಕೂಗಾಡಿಕೊಂಡು ಬರುತ್ತಿದ್ದ: “ಮೊದ್ಲ ಕಿಟಕಿ ತಗೀರಿ! ಸಾಯ್ತೀರೇನು?” ಮುಚ್ಚಿದ ಕಿಟಕಿ ಕಂಡು ಛಲೋ ಆತು ಎನ್ನುವವನು ಅವನಲ್ಲ.

ಇದು ಮಾಜೀದ ಅಲ್ಲ.

ಹೆದರಿಕೆ ಆಗ ಬಂತು. ಏಳಲು ಹೋದರೆ ಕಾಲು ಮಾತು ಕೇಳಲಿಲ್ಲ. “ಎಲ್ಲಿಗೆ? ಕುಂದರು,” ಎಂದಿತು ಅದು, ಇನ್ನಷ್ಟು ಪ್ರೀತಿಯಿಂದ. ಅವಳು ಮೊಣಕೈ ಊರಿ ತೆವಳಿದಳು. ಚಿಲಕಕ್ಕೆ ಹಾಕಿದ ಕೈ ಎರಡು ಸಲ ಜಾರಿತು. ಮೂರನೆಯ ಸಲ ಬಾಗಿಲಿನ ಜೊತೆಗೇ ಹೊರಗಿನ ಬಿಸಿಲಿಗೆ ಬಿದ್ದಳು.

ಎದೆ ಹರಿಯುವಂತೆ ಉಸಿರಾಡಿದಳು. ತಲೆ ಸಿಡಿಯುತ್ತಿತ್ತು, ಉಗುರುಗಳು ನೀಲಿಯಾಗಿದ್ದವು. ಒಳಗೆ ಪೈಪು ಇನ್ನೂ ಸುಂಯ್ ಎನ್ನುತ್ತಿತ್ತು, ಅದರಲ್ಲಿ ಅವನು ಇನ್ನೂ ಇದ್ದ. ತೆರೆದ ಬಾಗಿಲನ್ನು ಒಂದು ಕ್ಷಣ ನೋಡಿದಳು. ಆಮೇಲೆ ಗೋಡೆ ಹಿಡಿದು ಹಿತ್ತಲಿಗೆ ಸುತ್ತಿ ಹೋಗಿ, ಹೊರಗಿನಿಂದಲೇ ಕಿಟಕಿಯ ಗಾಜು ಸರಿಸಿ, ಕೈ ತೂರಿಸಿ ಪೈಪನ್ನು ಹೊರಗೆಳೆದಳು. ಅದರ ಬಾಯನ್ನು ಬಯಲಿಗೆ ತಿರುಗಿಸಿ ಬಿಟ್ಟು, ಅಲ್ಲೇ ಗೋಡೆಗೆ ಒರಗಿ ಕುಸಿದಳು. ಎಷ್ಟು ಉಸಿರು ಎಳೆದುಕೊಂಡರೂ ಅವಳ ಮೂಗಿಗೆ ಈಗ ಒಣಮಣ್ಣಿನ ವಾಸನೆಯಷ್ಟೇ ಬರುತ್ತಿತ್ತು.

ಅಂಗಳ ಗುಡಿಸುವ ಪಕ್ಕೀರವ್ವ ಬೇವಿನ ಗಿಡದ ಕೆಳಗೆ ಕಸಬರಿಗೆ ಆಡಿಸುತ್ತಿದ್ದವಳು ತಲೆಯೆತ್ತಿದಳು. ಅವಳು ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ, ಮಾಜೀದನನ್ನು ಕಂಡವಳಲ್ಲ.

“ಯಾರ ಹಾದು ಹೋದ್ರವಾ? ಘಮ್ಮಂತ ಅತ್ತರಿನ ವಾಸನಿ!”

“ನಮ್ಮ ಮನಿಯವರು,” ಎಂದಳು ನಾಹೀದಾ.

ಪಕ್ಕೀರವ್ವ ಖಾಲಿ ದಾರಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.